ಊರಿನ ಉದ್ಯೋಗವೂ ಕಾಯಕಧರ್ಮವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಕಾಮಸಮುದ್ರದ ಭಕ್ತಮಂಡಲಿಯ ಮುಂದೆ ಮಾಡಿದ ಉಪನ್ಯಾಸ)



ಮಠದ ಮಹೋತ್ಸವವೆಂಬುದು ಹಿಂದಿನವರ ತಪಸ್ಸನ್ನು ಸ್ಮರಿಸುವ ಕಾಲವಾಗಿರುವಂತೆಯೇ, ಮುಂದಿನ ನಡೆಯನ್ನು ವಿಚಾರಿಸಿಕೊಳ್ಳತಕ್ಕ ಕಾಲವೂ ಆಗಿದೆ. ಶಿವಶರಣರು ಪೂಜೆಯ ಕ್ರಮವನ್ನು ಮಾತ್ರವೇ ಬೋಧಿಸಿ ಸುಮ್ಮನಾದವರಲ್ಲ. ಅನ್ನವನ್ನು ಯಾವ ಮಾರ್ಗದಿಂದ ಸಂಪಾದಿಸಬೇಕು, ಸಂಪಾದಿಸಿದುದನ್ನು ಯಾರೊಡನೆ ಹಂಚಿ ಉಣ್ಣಬೇಕು ಎಂಬುದನ್ನೂ ಧರ್ಮದ ಒಳಗೇ ತಂದವರು. ಕಾಯಕ, ದಾಸೋಹ ಎಂಬ ಎರಡು ಮಾತುಗಳಲ್ಲಿ ಅವರ ಸಮಾಜಶಾಸ್ತ್ರವೆಲ್ಲವೂ ಅಡಗಿದೆ. ಈ ದಿನ ಹಳ್ಳಿಹಳ್ಳಿಯ ತರುಣರು ಬಹಳವಾಗಿ ಬಯಸುವ ಕಾಯಕವೆಂದರೆ ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಗಳ ನೌಕರಿ. ಆ ನೌಕರಿ ಯಾರಿಗೆ, ಯಾವ ಕ್ರಮದಿಂದ ಸಲ್ಲಬೇಕೆಂಬ ವಿಚಾರವು ಮಠದ ಸಭೆಗೆ ಒಗ್ಗತಕ್ಕದ್ದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಮನೆಯ ನಲ್ಲಿಗೆ ನೀರು ಬಿಡುವವನು, ಜನನ ಮರಣಗಳನ್ನು ಬರೆದುಕೊಳ್ಳುವವನು, ಕಂದಾಯ ಎತ್ತುವವನು, ಬೀದಿಯ ಕಸ ತೆಗೆಯುವವನು, ಇವರೆಲ್ಲರೂ ದಿನದಿನವೂ ಭಕ್ತರ ಮನೆಬಾಗಿಲಿಗೆ ಬರತಕ್ಕವರು. ಅವರನ್ನು ಆರಿಸುವ ಬಗೆ ಕೆಟ್ಟರೆ ಊರಿನ ಬಾಳೇ ಕೆಡುತ್ತದೆ. ಆದಕಾರಣ ಇದು ಧರ್ಮವಿಚಾರವೇ ಸರಿ.

ಕಾಮಸಮುದ್ರದ ಸೀಮೆಯಲ್ಲಿ ಈ ವಿಚಾರಕ್ಕೆ ವಿಶೇಷವಾದ ಕಾರಣವಿದೆ. ಬಂಗಾರಪೇಟೆ ತಾಲ್ಲೂಕಿನ ಈ ಹೋಬಳಿಯು ಕನ್ನಡನಾಡಿನ ಅಂಚು. ಒಂದು ಕಡೆ ಆಂಧ್ರದ ಕುಪ್ಪಂ ಸೀಮೆ, ಮತ್ತೊಂದು ಕಡೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಸಂತೆಯಲ್ಲಿ ಮೂರು ನುಡಿಗಳು ಒಟ್ಟಿಗೆ ಕೇಳಿಬರುತ್ತವೆ. ಸಮೀಪದ ಚಿನ್ನದ ಗಣಿಗಳು 1880ರ ದಶಕದಿಂದ ಒಂದು ಶತಮಾನಕ್ಕೂ ಮೀರಿ ಸಹಸ್ರಾರು ಕುಟುಂಬಗಳಿಗೆ ಅನ್ನವನ್ನು ಕೊಟ್ಟು, 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿಹೋದುವು. ಅಂದಿನಿಂದ ಗಣಿಯ ಊರುಗಳ ಜನರು ಬೆಳಕು ಹರಿಯುವ ಮುನ್ನವೇ ರೈಲನ್ನು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮನೆಯನ್ನು ಸೇರುತ್ತಾರೆ. ಮಳೆಯನ್ನು ನೆಚ್ಚಿದ ಬೇಸಾಯವು ಎಲ್ಲರನ್ನೂ ಸಾಕಲಾರದು. ಇಂಥ ಕಡೆ ಪಂಚಾಯಿತಿಯ ಒಂದು ಸಣ್ಣ ನೌಕರಿಯು ತೆರವಾದರೂ ಹತ್ತಾರು ಮನೆಗಳ ಕಣ್ಣು ಅದರ ಮೇಲೆ ಬೀಳುವುದು ಸಹಜ. ಹಸಿವಿರುವ ಕಡೆ ಪಂಕ್ತಿಭೇದವಾದರೆ ನೋವು ಇಮ್ಮಡಿಯಾಗುತ್ತದೆಯಲ್ಲವೆ?

ಹಿಂದಿನ ಕಾಲದ ವ್ಯವಸ್ಥೆಯನ್ನು ಮೊದಲು ನೋಡಬೇಕು. ಹಳೆಯ ಮೈಸೂರು ಸಂಸ್ಥಾನದ ಗ್ರಾಮಗಳಲ್ಲಿ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಮೊದಲಾದವರು ಊರಿನ ಆಡಳಿತವನ್ನು ನಡೆಸುತ್ತಿದ್ದರು. ಕೆರೆಗಳೇ ಸಂಪತ್ತಾಗಿದ್ದ ಕೋಲಾರದ ಸೀಮೆಯಲ್ಲಿ ನೀರಗಂಟಿಯ ಹೊಣೆಯಂತೂ ಬಹಳ ದೊಡ್ಡದು. ತೂಬನ್ನು ಎತ್ತಿ, ಮೇಲಿನ ಗದ್ದೆಗೂ ಕೊನೆಯ ಗದ್ದೆಗೂ ನ್ಯಾಯವಾಗಿ ನೀರನ್ನು ಹಂಚಿ, ಸುಗ್ಗಿಯಲ್ಲಿ ಕಣದಿಂದ ತನ್ನ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದನು. ಈ ಉದ್ಯೋಗಗಳು ತಂದೆಯಿಂದ ಮಗನಿಗೆ ಬರುತ್ತಿದ್ದುವು. 1908ರ ಗ್ರಾಮೋದ್ಯೋಗಗಳ ಕಾಯಿದೆಯೂ ಈ ವಂಶಪಾರಂಪರ್ಯದ ಪದ್ಧತಿಯನ್ನು ಅಂಗೀಕರಿಸಿಯೇ ರಚಿತವಾಗಿತ್ತು. ಸ್ವಾತಂತ್ರ್ಯಾನಂತರ, ಹುಟ್ಟಿನಿಂದ ಉದ್ಯೋಗವು ಬರುವುದು ಸಂವಿಧಾನದ ಸಮಾನತೆಗೆ ಒಪ್ಪುವುದಿಲ್ಲವೆಂದು 1961ರಲ್ಲಿ ಗ್ರಾಮೋದ್ಯೋಗಗಳ ರದ್ದಿಯಾತಿಯ ಶಾಸನವಾಗಿ, 1963ರ ಫೆಬ್ರವರಿಯಿಂದ ಅದು ಜಾರಿಗೆ ಬಂದಿತು. ಶಾನುಭೋಗನ ಸ್ಥಾನಕ್ಕೆ ಸರ್ಕಾರವೇ ನೇಮಿಸಿದ ಗ್ರಾಮಲೆಕ್ಕಿಗನು ಬಂದನು.

ಹಳೆಯ ಪದ್ಧತಿಯಲ್ಲಿ ಗುಣವೇ ಇರಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಊರಿನ ಹೊಲ, ಗಡಿ, ಕಾಲುವೆಗಳ ಪರಿಚಯವು ಆ ಮನೆತನಗಳಿಗೆ ಕರತಲಾಮಲಕವಾಗಿತ್ತು. ಆದರೆ ಅದರ ದೋಷವು ಗುಣವನ್ನು ನುಂಗುವಂಥದು. ಶಾನುಭೋಗನ ಮಗನು ಲೆಕ್ಕವನ್ನು ಅರಿಯದಿದ್ದರೂ ಶಾನುಭೋಗನಾಗಬಹುದಾಗಿತ್ತು. ತೋಟಿಯ ಮಗನು ಲೆಕ್ಕದಲ್ಲಿ ಎಷ್ಟು ಜಾಣನಾಗಿದ್ದರೂ ತೋಟಿಯಾಗಿಯೇ ಉಳಿಯಬೇಕಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ವಿರೋಧಿಸಿದ್ದು ಇದನ್ನೇ. ಮದ್ದಳೆಯನ್ನು ಬಾರಿಸುತ್ತಿದ್ದ ಅಲ್ಲಮಪ್ರಭುಗಳನ್ನು ಶೂನ್ಯಸಿಂಹಾಸನದ ಮೇಲೆ ಕುಳ್ಳಿರಿಸಿದಾಗ ಅನುಭವಮಂಟಪವು ನೋಡಿದ್ದು ಅನುಭಾವವನ್ನು, ಕುಲವನ್ನಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ ಮೊದಲಾದವರೆಲ್ಲರೂ ಆ ಸಭೆಯಲ್ಲಿ ಸಮಾನರಾಗಿ ಕುಳಿತರು.

ಹುಟ್ಟಿನ ಬದಲು ಯೋಗ್ಯತೆಯನ್ನು ಅಳೆಯುವ ಉಪಾಯವಾಗಿ ಸ್ಪರ್ಧಾಪರೀಕ್ಷೆಯು ಬಂದಿತು. ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕದಲ್ಲಿ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಪರೀಕ್ಷೆಗಳು ಏರ್ಪಟ್ಟುವು. ಇದು ಮಹತ್ತರವಾದ ಸುಧಾರಣೆ. ಆದರೂ ಬಾಗಿಲನ್ನು ತೆರೆದ ಮಾತ್ರಕ್ಕೆ ಎಲ್ಲರೂ ಒಳಗೆ ಬರುವಂತಾಗಲಿಲ್ಲ. ಪಟ್ಟಣದಲ್ಲಿದ್ದು ಇಂಗ್ಲಿಷ್ ವಿದ್ಯೆಯನ್ನು ಪಡೆದ ಕೆಲವರಿಗೆ ಮಾತ್ರ ಬಾಗಿಲು ಹತ್ತಿರವಾಗಿತ್ತು. ಹಳ್ಳಿಯ ರೈತಾಪಿ ಮಕ್ಕಳಿಗೂ ಕುಶಲಕರ್ಮಿಗಳ ಮಕ್ಕಳಿಗೂ ಬಹುದೂರವಾಗಿತ್ತು. 1917ರಲ್ಲಿ ಸ್ಥಾಪಿತವಾದ ಪ್ರಜಾಮಿತ್ರಮಂಡಲಿಯಲ್ಲಿ ಲಿಂಗಾಯತ, ಒಕ್ಕಲಿಗ ಮೊದಲಾದ ಸಮಾಜಗಳ ಮುಖಂಡರು ಒಂದುಗೂಡಿ ಈ ಕೊರತೆಯನ್ನು ಮಹಾರಾಜರಲ್ಲಿ ಬಿನ್ನವಿಸಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಉದ್ಯೋಗಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಹಿಂದುಳಿದ ಸಮಾಜಗಳಿಗೆ ದೊರೆಯಬೇಕೆಂದು ಆ ಸಮಿತಿ ಹೇಳಿತು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಇದರಿಂದ ಆಡಳಿತದ ದಕ್ಷತೆಯು ಕುಗ್ಗೀತೆಂದು ಶಂಕಿಸಿ, ಅಧಿಕಾರವನ್ನು ಬಿಟ್ಟರು. ದಕ್ಷತೆ ಬೇಕೆಂಬುದೂ ಸತ್ಯ, ಅವಕಾಶವು ಎಲ್ಲರಿಗೂ ಬೇಕೆಂಬುದೂ ಸತ್ಯ. ಈ ಎರಡನ್ನೂ ಕೂಡಿಸಿದವರು ಯಾರೆಂದರೆ, ಬಡಮಕ್ಕಳಿಗೆ ಅನ್ನವನ್ನೂ ಪಾಠವನ್ನೂ ಕೊಟ್ಟ ವಿದ್ಯಾರ್ಥಿನಿಲಯಗಳವರು. ಅವುಗಳಲ್ಲಿ ಮಠಗಳು ನಡೆಸಿದ ನಿಲಯಗಳ ಪಾಲು ಅಲ್ಪವಾದುದಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರಸ್ವಾಮಿಗಳವರು ಜಾತಿಮತಗಳನ್ನು ಕೇಳದೆ ಸಹಸ್ರಾರು ಮಕ್ಕಳಿಗೆ ನಡೆಸಿದ ತ್ರಿವಿಧ ದಾಸೋಹವನ್ನು ನಾಡೆಲ್ಲವೂ ಬಲ್ಲದು. ಅಲ್ಲಿಂದ ಹೊರಬಂದ ಹುಡುಗನು ಪರೀಕ್ಷೆಯ ಬಾಗಿಲಲ್ಲಿ ತಲೆಯೆತ್ತಿ ನಿಲ್ಲಬಲ್ಲವನಾದನು.

ಈಗಿನ ಕಾಲದಲ್ಲಿ ಮೇಲಿನ ಉದ್ಯೋಗಗಳಿಗೆ ಪರೀಕ್ಷೆಗಳಿವೆ. ಗ್ರಾಮಲೆಕ್ಕಿಗರ ಉತ್ತರಾಧಿಕಾರಿಗಳಾದ ಗ್ರಾಮ ಆಡಳಿತಾಧಿಕಾರಿಗಳ 1000 ಹುದ್ದೆಗಳಿಗೆ 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸ್ಪರ್ಧಾಪರೀಕ್ಷೆಯನ್ನು ನಡೆಸಿತು. ಪರೀಕ್ಷೆಯೂ ಕಾವಲಿಲ್ಲದಿದ್ದರೆ ಕೆಡುತ್ತದೆ. 2021ರ ಅಕ್ಟೋಬರಿನಲ್ಲಿ 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆಯು ಅಕ್ರಮಗಳಿಂದಾಗಿ 2022ರಲ್ಲಿ ರದ್ದಾಗಿ, ಮರುಪರೀಕ್ಷೆಯು 2024ರ ಜನವರಿಯಲ್ಲಿ ನಡೆಯಿತು. ಕೆಲವರ ವಂಚನೆಗಾಗಿ ಪ್ರಾಮಾಣಿಕರಾದ ಅನೇಕರು ಎರಡು ವರ್ಷಕ್ಕೂ ಮಿಗಿಲಾಗಿ ತಮ್ಮ ಯೌವನವನ್ನು ಕಾಯುವುದರಲ್ಲಿ ಕಳೆಯಬೇಕಾಯಿತು. ಬೇಲಿಯೇ ಎದ್ದು ಹೊಲವನ್ನು ಮೇದರೆ ಬಿತ್ತಿದವನು ಯಾರಿಗೆ ಹೇಳಬೇಕು?

ಇನ್ನು ಊರಿನ ಕೆಳದರ್ಜೆಯ ಉದ್ಯೋಗಗಳ ಸ್ಥಿತಿಯನ್ನು ನೋಡತಕ್ಕದ್ದು. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮ ಪಂಚಾಯಿತಿಯು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕಾಧಿಕಾರಿಯ ಅನುಮೋದನೆಯನ್ನು ಪಡೆದು ಕರವಸೂಲಿಗಾರ, ನೀರುಗಂಟಿ, ಜವಾನ, ಸ್ವಚ್ಛತೆಯ ಕೆಲಸದವರು ಮೊದಲಾದವರನ್ನು ನೇಮಿಸಿಕೊಳ್ಳಬಹುದು. ಇಂಥ ನೇಮಕವು ದಾರಿ ತಪ್ಪುವ ಬಗೆಯನ್ನು ಅರಿಯಲು ಒಂದು ಊರನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರೆ ಸಾಕು. ಅಲ್ಲಿ ನೀರುಗಂಟಿಯ ಕೆಲಸವು ತೆರವಾಗುತ್ತದೆ. ಡಂಗುರವಿಲ್ಲ, ಪ್ರಕಟಣೆಯಿಲ್ಲ. "ಸದ್ಯಕ್ಕೆ ನೋಡಿಕೊಳ್ಳಲಿ" ಎಂದು ಸದಸ್ಯರೊಬ್ಬರು ತಮ್ಮ ಭಾವಮೈದುನನನ್ನು ದಿನಗೂಲಿಗೆ ಇಡುತ್ತಾರೆ. ಆ ಸದ್ಯವು ಹತ್ತು ವರ್ಷವಾಗುತ್ತದೆ. ತನ್ನನ್ನು ಇಟ್ಟವರ ಬೀದಿಗೆ ಅವನು ನಿತ್ಯವೂ ನೀರು ಬಿಡುತ್ತಾನೆ. ಊರ ಹೊರಗಿನ ಕೇರಿಗೆ ನಾಲ್ಕು ದಿನಕ್ಕೊಮ್ಮೆ ಬಿಡುತ್ತಾನೆ. ಕೇಳಿದವರಿಗೆ ಉತ್ತರವಿಲ್ಲ, ಏಕೆಂದರೆ ಅವನು ಊರಿಗೆ ಸಂದವನಲ್ಲ, ಒಂದು ಮನೆಗೆ ಸಂದವನು. ಆದರೂ ಅವನೊಬ್ಬನನ್ನೇ ದೂರುವುದು ತಪ್ಪು. ಸಂಬಳವು ಅಲ್ಪ, ಭದ್ರತೆಯಿಲ್ಲ, ಮುಂದಿನ ಚುನಾವಣೆಯಲ್ಲಿ ಪಕ್ಷವು ಬದಲಾದರೆ ಕೆಲಸವೇ ಹೋಗುತ್ತದೆ. ಹಿಂಬಾಗಿಲಿನಿಂದ ಒಳಗೆ ಬಂದವನು ಎಂದಿಗೂ ಬೆನ್ನನ್ನು ನೆಟ್ಟಗೆ ಮಾಡಿ ನಿಲ್ಲಲಾರನು.

ಇಂಥ ತಾತ್ಕಾಲಿಕ ನೇಮಕಗಳ ಪ್ರಶ್ನೆಯು ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ವಾಣಿಜ್ಯ ತೆರಿಗೆಯ ಇಲಾಖೆಯಲ್ಲಿ ದಿನಗೂಲಿಯ ಮೇಲೆ ಹತ್ತು ವರ್ಷಕ್ಕೂ ಮಿಗಿಲಾಗಿ ದುಡಿದವರು ತಮ್ಮನ್ನು ಖಾಯಂ ಮಾಡಬೇಕೆಂದು ಬೇಡಿದ್ದರು. ಉಮಾದೇವಿ ಪ್ರಕರಣವೆಂದು ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು 2006ನೆಯ ಇಸವಿ ಏಪ್ರಿಲ್ 10ರಂದು ತೀರ್ಪಿತ್ತಿತು. ಸಾರ್ವಜನಿಕ ಉದ್ಯೋಗವು ಎಲ್ಲ ಅರ್ಹರಿಗೂ ಅವಕಾಶವಿತ್ತು ಬಹಿರಂಗವಾಗಿ ತುಂಬತಕ್ಕದ್ದು. ಆ ಕ್ರಮವಿಲ್ಲದೆ ಸೇರಿದವರಿಗೆ ಕೇವಲ ಬಹುಕಾಲ ದುಡಿದುದರಿಂದ ಖಾಯಂ ಆಗುವ ಹಕ್ಕು ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಸೇವೆ ಸಲ್ಲಿಸಿದ ಅರ್ಹರ ವಿಷಯವನ್ನು ಒಂದು ಬಾರಿಗೆ ಮಾತ್ರ ಪರಿಶೀಲಿಸಬಹುದೆಂದೂ ಹೇಳಿತು. ಆದರೆ ಅದೇ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ, ಈ ತೀರ್ಪನ್ನು ಮುಂದೊಡ್ಡಿ ನಿತ್ಯದ ಕೆಲಸವನ್ನು ವರ್ಷಗಟ್ಟಲೆ ತಾತ್ಕಾಲಿಕರಿಂದ ಮಾಡಿಸಿಕೊಂಡು ಕೈಬಿಡುವುದು ಸಲ್ಲದೆಂದು ಎಚ್ಚರಿಸಿತು. ಎರಡು ಮಾತುಗಳನ್ನೂ ಕೂಡಿಸಿ ಓದಿದರೆ ಧರ್ಮವು ಸ್ಪಷ್ಟವಾಗುತ್ತದೆ: ಹಿಂಬಾಗಿಲೂ ಅಧರ್ಮ, ದುಡಿಸಿಕೊಂಡು ಮುಂಬಾಗಿಲನ್ನು ಮುಚ್ಚಿಡುವುದೂ ಅಧರ್ಮ. ಬೀದಿಯನ್ನು ಗುಡಿಸುವ ಪೌರಕಾರ್ಮಿಕರು ಗುತ್ತಿಗೆಯ ಮತ್ತು ದಿನಗೂಲಿಯ ಅಭದ್ರತೆಯಲ್ಲಿ ವರ್ಷಗಟ್ಟಲೆ ಬೆಂದು, 2022ರ ಜುಲೈಯಲ್ಲಿ ಮುಷ್ಕರವನ್ನು ಹೂಡಿದ ಮೇಲೆಯೇ, 11,133 ಮಂದಿಯನ್ನು ಖಾಯಂ ಮಾಡಲು ಆ ವರ್ಷ ಮಂತ್ರಿಮಂಡಲವು ಒಪ್ಪಿತೆಂಬುದನ್ನು ಶರಣರ ಅನುಯಾಯಿಗಳು ಮರೆಯಬಾರದು. ಕಸಗುಡಿಸುವ ಸತ್ಯಕ್ಕನ ಕಾಯಕವನ್ನು ಪೂಜ್ಯವೆಂದು ಭಾವಿಸಿದ ಪರಂಪರೆ ಇದು.

ಬಸವಣ್ಣನವರೇ ಸಾರ್ವಜನಿಕ ಉದ್ಯೋಗದಲ್ಲಿದ್ದವರು. ಅವರು ಬಿಜ್ಜಳನ ಆಸ್ಥಾನವನ್ನು ಸೇರಿದ ಬಗೆಯನ್ನು ಕುರಿತು ಪರಂಪರೆಯಲ್ಲಿ ಎರಡು ವಿಧವಾದ ಕಥನಗಳಿವೆ. ಮಂಗಳವಾಡದಲ್ಲಿ ಕರಣಿಕರ ಲೆಕ್ಕದಲ್ಲಿದ್ದ ತಪ್ಪನ್ನು ತೋರಿಸಿಕೊಟ್ಟು, ತಮ್ಮ ಜಾಣ್ಮೆಯಿಂದಲೇ ಉದ್ಯೋಗವನ್ನು ಪಡೆದರೆಂದು ಹರಿಹರ ಕವಿಯ ರಗಳೆಯ ಕಥನ. ಸೋದರಮಾವನಾದ ಬಲದೇವ ಮಂತ್ರಿಯ ಸ್ಥಾನವು ಅವರಿಗೆ ಬಂದಿತೆಂಬುದು ಪುರಾಣಗಳ ಕಥನ. ಯಾವ ಕಥನವನ್ನು ಹಿಡಿದರೂ ಮುಂದಿನ ಘಟ್ಟವು ಒಂದೇ. ಭಂಡಾರದ ಹಣವನ್ನು ಜಂಗಮರಿಗೆ ವೆಚ್ಚಮಾಡುತ್ತಿದ್ದಾರೆಂದು ಕೊಂಡೆಯರು ದೂರಿದಾಗ, ಬಸವಣ್ಣನವರು ಬಂಧುತ್ವವನ್ನಾಗಲಿ ಪದವಿಯನ್ನಾಗಲಿ ಅಡ್ಡ ಹಿಡಿಯಲಿಲ್ಲ. ಭಂಡಾರವನ್ನು ತೆರೆದು ಎಣಿಸಿಕೊಳ್ಳಿರೆಂದರು. ಒಂದು ಹೊನ್ನೂ ಕಡಮೆಯಾಗಿರಲಿಲ್ಲ. ಲೆಕ್ಕವನ್ನು ಬಲ್ಲವನಾಗಿರಬೇಕು, ಲೆಕ್ಕವನ್ನು ಒಪ್ಪಿಸುವವನೂ ಆಗಿರಬೇಕು. ನೇಮಕದ ಶಾಸ್ತ್ರವೆಲ್ಲವೂ ಈ ಎರಡು ಮಾತುಗಳ ವಿಸ್ತಾರ.

ಬಸವಣ್ಣನವರಿಗಿಂತಲೂ ಹಿಂದೆ, ಕಾಂಚೀಪುರದ ಬಳಿಯ ಉತ್ತರಮೇರೂರಿನಲ್ಲಿ ಚೋಳರಾಜನಾದ ಪರಾಂತಕನ ಕಾಲದ, ಕ್ರಿ. ಶ. 919 ಮತ್ತು 921ರ ಶಾಸನಗಳು ಊರಿನ ಸಮಿತಿಗಳಿಗೆ ಜನರನ್ನು ಆರಿಸುವ ನಿಯಮಗಳನ್ನು ಹೇಳುತ್ತವೆ. ಕೋಲಾರದ ಸೀಮೆಯೂ ಮುಂದೆ ಚೋಳರ ಆಳಿಕೆಗೆ ಒಳಪಟ್ಟುದರಿಂದ ಈ ನೆನಪು ಇಲ್ಲಿಗೆ ದೂರವಾದುದಲ್ಲ. ವಯಸ್ಸು 35ರಿಂದ 70ರೊಳಗಿರಬೇಕು. ಕಳೆದ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವನು ಮತ್ತೆ ಬರಕೂಡದು. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ಹತ್ತಿರದ ಬಂಧುಗಳೂ ಅನರ್ಹರು. ಹೆಸರಿನ ಓಲೆಗಳನ್ನು ಕೊಡದಲ್ಲಿ ಹಾಕಿ, ತುಂಬಿದ ಸಭೆಯ ಮುಂದೆ ಬಾಲಕನಿಂದ ಎತ್ತಿಸಬೇಕು. ಆ ಅವಕಾಶವು ಭೂಮಿಯಿದ್ದ ವೈದಿಕರಿಗೆ ಮಾತ್ರ ಮೀಸಲಾಗಿತ್ತೆಂಬುದು ಅದರ ದೊಡ್ಡ ಕುಂದು. ಆದರೂ ಬಂಧುಪ್ರೇಮವು ಊರಿನ ಕೆಲಸಕ್ಕೆ ಶತ್ರುವೆಂಬ ಅರಿವು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನ ಮೇಲೆ ಕೊರೆಯಲ್ಪಟ್ಟಿತೆಂಬುದು ಗಮನಾರ್ಹ.

ಹಾಗಾದರೆ ಈಗ ಮಾಡತಕ್ಕದ್ದೇನು? ಮೊದಲನೆಯದಾಗಿ, ತೆರವಾದ ಉದ್ಯೋಗದ ಸುದ್ದಿಯು ಎಲ್ಲರಿಗೂ ಮುಟ್ಟಬೇಕು. ಕಚೇರಿಯ ಫಲಕದ ಮೂಲೆಯಲ್ಲಿ ಅಂಟಿಸಿದ ಕಾಗದವು ಪ್ರಕಟಣೆಯಲ್ಲ. ಶಾಲೆ, ನ್ಯಾಯಬೆಲೆಯ ಅಂಗಡಿ, ಹಾಲಿನ ಡೈರಿ, ಸಂತೆ, ಪ್ರತಿಯೊಂದು ಕೇರಿ, ಎಲ್ಲೆಡೆಯೂ ಅದು ಸಾಕಷ್ಟು ದಿನ ಇರಬೇಕು. ಎರಡನೆಯದಾಗಿ, ವ್ಯಕ್ತಿಯನ್ನು ನೆನೆಯುವ ಮೊದಲು ಕೆಲಸವನ್ನು ಬರೆಯಬೇಕು. ನೀರುಗಂಟಿಯಾದವನು ಸರದಿಯ ಪಟ್ಟಿಯನ್ನು ಓದಬಲ್ಲನೇ, ಪಂಪು ಓಡಿದ ಹೊತ್ತನ್ನು ಬರೆದಿಡಬಲ್ಲನೇ, ತೊಟ್ಟಿಗೆ ಔಷಧಿಯನ್ನು ಅಳತೆಯಂತೆ ಹಾಕಬಲ್ಲನೇ ಎಂಬುದು ಮುಖ್ಯ. ಅವನು ಯಾರ ಮಗನೆಂಬುದಲ್ಲ. ಈ ಗಡಿಸೀಮೆಯಲ್ಲಿ ದಾಖಲೆಗಳನ್ನು ಶುದ್ಧ ಕನ್ನಡದಲ್ಲಿ ಬರೆಯಬಲ್ಲವನಾಗಿ, ತೆಲುಗು ತಮಿಳುಗಳನ್ನಾಡುವ ಮುದುಕಿಯ ಅಹವಾಲನ್ನೂ ತಾಳ್ಮೆಯಿಂದ ಕೇಳಬಲ್ಲವನು ಉತ್ತಮನು. ಮೂರನೆಯದಾಗಿ, ಕೆಲಸವನ್ನು ಮಾಡಿಸಿಯೇ ಪರೀಕ್ಷಿಸಬೇಕು. ಕರಣಿಕನಿಗೆ ಲೆಕ್ಕವನ್ನು ಕೊಟ್ಟು ನೋಡುವುದಕ್ಕಿಂತ ಒಳ್ಳೆಯ ಸಂದರ್ಶನವಿಲ್ಲ. ನಾಲ್ಕನೆಯದಾಗಿ, ಉಮೇದುವಾರನ ಬಂಧುವಾದ ಸದಸ್ಯನು ತಾನಾಗಿಯೇ ಆ ಸಭೆಯಿಂದ ಎದ್ದು ಹೋಗಬೇಕು. ಐದನೆಯದಾಗಿ, ಎಲ್ಲರ ಅಂಕಗಳನ್ನೂ, ಮೀಸಲಾತಿಯ ಸರದಿಯನ್ನೂ, ಆರಿಸಿದ ಕಾರಣವನ್ನೂ ಬಹಿರಂಗವಾಗಿ ಹಚ್ಚಿ, ಆಕ್ಷೇಪಣೆಗೆ ಕಾಲಾವಕಾಶವನ್ನು ಕೊಡಬೇಕು. ಸೋತವನಿಗೆ ತಾನೇಕೆ ಸೋತೆನೆಂಬುದು ತಿಳಿದರೆ ಅರ್ಧ ದುಃಖವು ಶಮನವಾಗುತ್ತದೆ. ಕಡೆಯದಾಗಿ, ನೇಮಕವಾದವನಿಗೆ ತರಬೇತಿ, ಕಾಲಕ್ಕೆ ಸರಿಯಾದ ಸಂಬಳ, ನ್ಯಾಯವಾದ ಭದ್ರತೆ ದೊರೆಯಬೇಕು. ಹೊಟ್ಟೆಗೆ ಸಾಲದಷ್ಟು ಕೊಟ್ಟು ಪ್ರಾಮಾಣಿಕತೆಯನ್ನು ಬೇಡುವುದು ಧರ್ಮವಲ್ಲ.

ಇವೆಲ್ಲವೂ ಸರ್ಕಾರ, ಪಂಚಾಯಿತಿಗಳು ಮಾಡತಕ್ಕವು. ಭಕ್ತರೂ ಮಠವೂ ಮಾಡತಕ್ಕದ್ದು ಒಂದಿದೆ. ಅದು ಎಲ್ಲಕ್ಕಿಂತಲೂ ಕಠಿಣವಾದುದು. ನಾಡಿನ ಮಠಗಳಲ್ಲಿ ಪಾದಪೂಜೆಯಾದ ಮೇಲೆ ಎಷ್ಟೋ ಮಂದಿ ಭಕ್ತರು ಮೆಲ್ಲನೆ ಅರಿಕೆಮಾಡಿಕೊಳ್ಳುವ ಮಾತು ಯಾವುದು? "ಬುದ್ಧಿ, ಹುಡುಗನಿಗೊಂದು ಮಾತು ಹೇಳಿ ಕೆಲಸ ಕೊಡಿಸಬೇಕು." ಗುರುವಿನಲ್ಲಿ ಭಕ್ತನು ಬೇಡುವುದು ಸಹಜ, ಮರುಗುವುದು ಗುರುವಿಗೂ ಸಹಜ. ಆದರೆ ಆ ಒಂದು ಮಾತಿನ ಬೆಲೆಯನ್ನು ಕೊಡುವವನು ಯಾರು? ಮಠದ ಬಾಗಿಲನ್ನು ಅರಿಯದ, ಮಾತು ಹೇಳಿಸಲು ಯಾರೂ ಇಲ್ಲದ, ಹೆಚ್ಚು ಅಂಕವನ್ನು ಪಡೆದ ಮತ್ತೊಬ್ಬ ಬಡವನ ಮಗಳೋ ಮಗನೋ ಕೊಡಬೇಕು. ತನ್ನದಲ್ಲದ ವಸ್ತುವನ್ನು ದಾನವಾಗಿ ಕೊಡುವ ಅಧಿಕಾರವು ಯಾರಿಗೂ ಇಲ್ಲ. ಊರಿನ ಉದ್ಯೋಗವು ಅಧ್ಯಕ್ಷನ ಆಸ್ತಿಯಲ್ಲ, ಶಾಸಕನ ಆಸ್ತಿಯಲ್ಲ, ಗುರುಗಳ ಪ್ರಸಾದವೂ ಅಲ್ಲ. ಅದು ಊರಿಗೆ ಸೇರಿದ ಕಾಯಕ. ಮಾರಯ್ಯನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಮನೆಯೊಳಗೆ ಸೇರಿಸದೆ, ತಂದಲ್ಲಿಗೇ ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆಯನ್ನು ಎಲ್ಲ ತಾಯಂದಿರೂ ಕೇಳಿದ್ದಾರೆ. ಮಗನಿಗೆ ಸಲ್ಲದ ಉದ್ಯೋಗವು ಶಿಫಾರಸಿನಿಂದ ಮನೆಗೆ ಬಂದಾಗ, ಅದನ್ನು ಆ ಅಕ್ಕಿಯಂತೆಯೇ ಕಾಣುವ ಲಕ್ಕಮ್ಮಂದಿರು ಬೇಕಾಗಿದ್ದಾರೆ.

"ಇತರರೆಲ್ಲರೂ ವಶೀಲಿಯನ್ನು ಹಚ್ಚುತ್ತಿರುವಾಗ ತಮ್ಮ ಮಕ್ಕಳು ಮಾತ್ರ ಸುಮ್ಮನಿದ್ದರೆ ಕೆಡುವುದಿಲ್ಲವೇ?" ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಹೌದು. ಕೆಲವು ಸಲ ನಷ್ಟವೂ ಆದೀತು. ಆದರೆ ಸತ್ಯವಾದ ಸಾಕ್ಷ್ಯಕ್ಕೂ ಒತ್ತಾಯದ ಶಿಫಾರಸಿಗೂ ಭೇದವುಂಟು. ಈ ಹುಡುಗನು ಇಷ್ಟು ವರ್ಷ ಈ ನಿಲಯದಲ್ಲಿ ಓದಿದನು, ಇವನ ನಡತೆಯು ಇಂಥದು ಎಂದು ಕೇಳಿದವರಿಗೆ ಹೇಳುವುದು ಸಾಕ್ಷ್ಯ. ಇವನನ್ನೇ ಆರಿಸಿರೆಂದು ಹೇಳುವುದು ಒತ್ತಾಯ. ಮೊದಲನೆಯದನ್ನು ಮಠವು ಎಲ್ಲರಿಗೂ ಕೊಡಬಹುದು. ಎರಡನೆಯದನ್ನು ಯಾರಿಗೂ ಕೊಡಬಾರದು. ಅದರ ಬದಲಿಗೆ ಕೊಡತಕ್ಕ ದಾಸೋಹವು ಬಹಳವಿದೆ. ಒಂದು ಕೊಠಡಿಯಲ್ಲಿ ದೀಪ, ಮೇಜು, ಪತ್ರಿಕೆಗಳು, ಹಿಂದಿನ ಪ್ರಶ್ನೆಪತ್ರಿಕೆಗಳು. ಅರ್ಜಿಯನ್ನು ತುಂಬಲು ತಿಳಿಯದವರಿಗೆ ತಿಳಿದವರ ನೆರವು. ನಿವೃತ್ತರಾದ ಉಪಾಧ್ಯಾಯರಿಂದ ವಾರಕ್ಕೆರಡು ದಿನ ಗಣಿತ ಕನ್ನಡಗಳ ಪಾಠ. ದೂರದ ಪರೀಕ್ಷೆಗೆ ಹೋಗುವ ಬಡ ಹೆಣ್ಣುಮಗಳಿಗೆ ರೈಲಿನ ಖರ್ಚು. ಈ ಕೊಠಡಿಯ ಬಾಗಿಲು ಲಿಂಗಧಾರಿಗಳಿಗೆಂತೋ ಅಂತೆಯೇ ಊರಿನ ಎಲ್ಲ ಮತದ, ಎಲ್ಲ ನುಡಿಯ ಮಕ್ಕಳಿಗೂ ತೆರೆದಿರಬೇಕು. ಶಿಫಾರಸಿನಿಂದ ಒಬ್ಬನಿಗೆ ಲಾಭವಾದರೆ ಮತ್ತೊಬ್ಬನಿಗೆ ನಷ್ಟ. ವಿದ್ಯಾದಾಸೋಹದಿಂದ ಯಾರಿಗೂ ನಷ್ಟವಿಲ್ಲ.

ಹುಲ್ಲನ್ನು ಕೊಯ್ಯುವಾಗ ಕೊರಳಿನ ಲಿಂಗವು ಜಾರಿಬಿದ್ದರೂ ಕಾಯಕವನ್ನು ನಿಲ್ಲಿಸದ ನುಲಿಯ ಚಂದಯ್ಯನವರ ಕಥೆಯು ಈ ಮಾತಿಗೆ ಮುಕುಟಪ್ರಾಯವಾಗಿದೆ. ಕಾಯಕವನ್ನು ಅಷ್ಟು ಪವಿತ್ರವೆಂದು ತಿಳಿದ ಪರಂಪರೆಯವರು, ಆ ಕಾಯಕಕ್ಕೆ ಜನರನ್ನು ಆರಿಸುವ ಕ್ರಮವು ಅಪವಿತ್ರವಾಗುವುದನ್ನು ಕಂಡು ಸುಮ್ಮನಿರಲಾಗದು. ಈ ಮಹೋತ್ಸವದ ನೆನಪಿಗಾಗಿ ಕಟ್ಟಡಗಳು ಏಳಬಹುದು, ತೇರುಗಳು ಎಳೆಯಲ್ಪಡಬಹುದು, ಅವೆಲ್ಲವೂ ಶ್ಲಾಘ್ಯವೇ. ಅವುಗಳೊಡನೆ, ಊರಿನ ಉದ್ಯೋಗಕ್ಕಾಗಿ ಗುರುಗಳಲ್ಲಿ ಶಿಫಾರಸನ್ನು ಬೇಡುವುದಿಲ್ಲವೆಂದು ಭಕ್ತರೂ, ಬೇಡಿದರೂ ಕೊಡುವುದಿಲ್ಲವೆಂದು ಮಠವೂ ಸಂಕಲ್ಪಿಸಿದರೆ, ಅದು ಕಲ್ಲುಗಾರೆಗಳಿಲ್ಲದ ಸ್ಮಾರಕವಾಗಿ ನಿಲ್ಲುತ್ತದೆ. ಆಗ ಊರ ಹೊರಗಿನ ಕೇರಿಯ ನಲ್ಲಿಯಲ್ಲಿ ಸರದಿಯ ದಿನ ತಪ್ಪದೆ ನೀರು ಬಂದಾಗ, ಅದನ್ನು ತುಂಬಿಕೊಳ್ಳುವ ತಾಯಿಗೆ ಮಠದ ಹೆಸರು ನೆನಪಾಗದಿದ್ದರೂ ಚಿಂತೆಯಿಲ್ಲ. ಆ ನೀರು ಬಂದುದೇ ದಾಸೋಹ.